ಐಟಿಐನಾ, ಇಂಜಿನಿಯರಿಂಗಾ? ಯಾವುದರಲ್ಲಿ ದುಡ್ಡು ಜಾಸ್ತಿ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು ಅಂದ್ರೆ ನನಗೆ ಫೋನ್ ಶುರು. "ಅಣ್ಣಾ, ಹುಡುಗನ್ನ ಐಟಿಐಗೆ ಹಾಕಿದ್ರೆ ಹೆಂಗೆ? ಇಂಜಿನಿಯರ್‌ಗಳೇ ಕೆಲ್ಸ ಇಲ್ದೆ ಕೂತವ್ರೆ. ಎಲೆಕ್ಟ್ರಿಷಿಯನ್‌ಗಳು ಅವರಿಗಿಂತ ಜಾಸ್ತಿ ಸಂಪಾದಿಸ್ತಾರಂತೆ, ನಿಜವಾ?" ತುಮಕೂರಲ್ಲಿ ವೈರಿಂಗ್ ಕಾಂಟ್ರಾಕ್ಟ್ ಮಾಡೋನು ನಾನು. ಹೌದು ಅಂತಲೇ ಹೇಳ್ತೀನಿ ಅಂದುಕೊಂಡು ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಕೂಲಿಗೆ ಹೋಗುವ ಎಲೆಕ್ಟ್ರಿಷಿಯನ್ ಸಂಪಾದಿಸುವುದಿಲ್ಲ, ಸಹಿ ಹಾಕುವ ಎಲೆಕ್ಟ್ರಿಷಿಯನ್ ಸಂಪಾದಿಸುತ್ತಾನೆ.

ಮೊದಲು ಲೆಕ್ಕ ನೋಡಿ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಸಾಮಾನ್ಯ ಫ್ರೆಶರ್‌ಗೆ ಕೊಡುವುದು ವರ್ಷಕ್ಕೆ 3.5 ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅದೂ ಸಿಕ್ಕವರಿಗೆ. ನಮ್ಮ ಕಡೆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ಗೆ ದಿನಕ್ಕೆ 1,000 ರೂಪಾಯಿ ಸುತ್ತಮುತ್ತ ಇದೆ. ತಿಂಗಳಿಗೆ 25 ದಿನ ಅಂದ್ರೆ ಇಬ್ಬರದೂ ಒಂದೇ ಆಯ್ತಲ್ಲ ಅನಿಸುತ್ತೆ. ಆದರೆ 25 ದಿನ ಕೆಲಸ ಇರಬೇಕಲ್ಲ? ಆಷಾಢದಲ್ಲಿ ಗೃಹಪ್ರವೇಶ ಇಲ್ಲ. ಮಳೆ ಹಿಡಿದರೆ ಗಾರೆ ಕೆಲಸ ನಿಲ್ಲುತ್ತೆ, ಗಾರೆ ನಿಂತರೆ ನಾವೂ ನಿಂತೆವು. ಇಂಜಿನಿಯರ್ ಹುಡುಗ ಎಂಟು ವರ್ಷದಲ್ಲಿ ಎರಡು ಕಂಪನಿ ಬದಲಾಯಿಸಿ ಸಂಬಳ ಮೂರು ಪಟ್ಟು ಮಾಡಿಕೊಂಡರೆ ಯಾರೂ ಆಶ್ಚರ್ಯಪಡಲ್ಲ. ಕೂಲಿ ಮೂರು ಪಟ್ಟಾಗಿದ್ದನ್ನ ನಾನು ಕಂಡಿಲ್ಲ.

ಹಾಗಾದರೆ ದುಡ್ಡು ಎಲ್ಲಿದೆ? ಮನೆಗೆ ಬೆಸ್ಕಾಂ ಮೀಟರ್ ಬೇಕಾದರೆ ಅರ್ಜಿಯ ಜೊತೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಮಾಡಿದ ವೈರಿಂಗ್ ಡಯಾಗ್ರಾಮ್ ಮತ್ತು ಕೆಲಸ ಮುಗಿದ ವರದಿ ಕೊಡಬೇಕು. ಗೋಡೆ ಕೊರೆದು, ಪೈಪ್ ಕೂರಿಸಿ, ವೈರ್ ಎಳೆದು, ಬೋರ್ಡ್ ಫಿಟ್ ಮಾಡಿದವನು ಯಾರೇ ಇರಲಿ, ಸಹಿ ಲೈಸೆನ್ಸ್‌ದಾರನದು. ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಾಂಟ್ರಾಕ್ಟರ್ ಲೈಸೆನ್ಸ್ ಹೀಗೆ ಮೆಟ್ಟಿಲುಗಳಿವೆ. ಬಹಳ ಹುಡುಗರು ಐಟಿಐ ಮುಗಿದ ಮೇಲೆ ಮೊದಲನೆಯದನ್ನೂ ಹತ್ತುವುದಿಲ್ಲ. ಕೈತುಂಬ ಕೆಲಸ ಇದೆ, ಕಾಗದ ಯಾಕೆ ಅಂತಾರೆ. ಆಮೇಲೆ ಜೀವನಪೂರ್ತಿ ತಾವು ಮಾಡಿದ ಕೆಲಸಕ್ಕೆ ಇನ್ನೊಬ್ಬರ ಸಹಿಗೆ ದುಡ್ಡು ಕೊಡ್ತಾರೆ.

ಸಹಿ ಬಂದ ಮೇಲೆ ಸುಖ ಅಂತೇನಿಲ್ಲ. ಮನೆ ಕೆಲಸದ ದುಡ್ಡು ಕಂತುಕಂತಾಗಿ ಬರುತ್ತೆ. ಮೋಲ್ಡ್‌ಗೆ ಪೈಪ್ ಹಾಕಿದಾಗ ಸ್ವಲ್ಪ, ವೈರ್ ಎಳೆದಾಗ ಸ್ವಲ್ಪ. ಕೊನೇ ಕಂತು ಮಾತ್ರ ಸಿಕ್ಕಿಹಾಕಿಕೊಳ್ಳುತ್ತೆ. "ಗೃಹಪ್ರವೇಶ ಒಂದು ಮುಗೀಲಿ, ಸೆಟ್ಲ್ ಮಾಡೋಣ" ಅಂತಾರೆ ಯಜಮಾನರು. ಊಟಕ್ಕೂ ಕರೀತಾರೆ, ಹೋಳಿಗೆ ಹಾಕಿಸ್ತಾರೆ. ದುಡ್ಡಿನ ಮಾತೆತ್ತಿದರೆ "ನೆಂಟರು ಹೋಗ್ಲಿ ಕಣ್ರೀ". ನಮ್ಮ ಹುಡುಗರಿಗೆ ಶನಿವಾರದ ಬಟವಾಡೆ ನಿಲ್ಲಿಸೋಕಾಗಲ್ಲ, ಎಲೆಕ್ಟ್ರಿಕಲ್ ಅಂಗಡಿಯವರು ಸಾಲದ ಪುಸ್ತಕ ತೆಗೆದಿಟ್ಟುಕೊಂಡೇ ಕೂತಿರ್ತಾರೆ. ಈ ಎಳೆದಾಟ ತಡೆಯುವ ಗುಣ ಇಲ್ಲದವನಿಗೆ ತಿಂಗಳ ಸಂಬಳವೇ ಮೇಲು. ಇದನ್ನು ಯಾವ ಐಟಿಐನಲ್ಲೂ ಕಲಿಸಲ್ಲ.

ಫ್ಯಾಕ್ಟರಿ ದಾರಿ ಬೇರೆ. ಪೀಣ್ಯ, ಬಿಡದಿ, ನಮ್ಮ ವಸಂತನರಸಾಪುರ, ಎಲ್ಲ ಕಡೆ ಫಿಟ್ಟರ್, ಟರ್ನರ್, ವೆಲ್ಡರ್ ಬೇಕು. ಆದರೆ ಅಪ್ರೆಂಟಿಸ್ ಅಂತ ತಗೊಂಡವರನ್ನು ಕೊನೆಗೆ ಖಾಯಂ ಮಾಡಲೇಬೇಕು ಅಂತ 1961ರ ಅಪ್ರೆಂಟಿಸ್ ಕಾಯ್ದೆ ಹೇಳುವುದಿಲ್ಲ. ಅವನಿಗೆ ಕೊಡುವುದು ಸ್ಟೈಪೆಂಡ್, ಸಂಬಳ ಅಲ್ಲ. ಒಂದು ವರ್ಷ ಮುಗಿದರೆ ಹೊಸ ಬ್ಯಾಚು. ಹುಡುಗ ಪಕ್ಕದ ಕಂಪನಿಯಲ್ಲಿ ಗುತ್ತಿಗೆಗೆ ಸೇರ್ತಾನೆ, ಅಲ್ಲಿಂದ ಇನ್ನೊಂದಕ್ಕೆ. ಇಪ್ಪತ್ತೆಂಟು ದಾಟಿದರೂ "ಟ್ರೈನಿ" ಅನ್ನುವ ಬ್ಯಾಡ್ಜ್ ಹಾಕಿಕೊಂಡವರು ನನಗೆ ಗೊತ್ತು.

ಸ್ವಂತ ಕೆಲಸ ಬೇಡ, ಫ್ಯಾಕ್ಟರಿನೇ ಬೇಕು ಅನ್ನುವ ಮನೆಯವರಿಗೆ ನಾನು ಜಿಟಿಟಿಸಿ, ಅಂದ್ರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ನೋಡಿ ಅಂತೀನಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಲ್ಲಿ ಶುರುವಾದದ್ದು, ಈಗ ಬೇರೆ ಜಿಲ್ಲೆಗಳಲ್ಲೂ ಇದೆ. ಅಲ್ಲಿ ಟೂಲ್ ಅಂಡ್ ಡೈ (ಅಚ್ಚು ತಯಾರಿಕೆ) ಡಿಪ್ಲೊಮಾ ಮೂರು ವರ್ಷ, ಮೇಲೊಂದು ವರ್ಷ ಕಂಪನಿಯಲ್ಲಿ ತರಬೇತಿ. ಅಚ್ಚು ಮಾಡುವ ಕೆಲಸ ಬೇಗ ಕೈಗೆ ಬರುವಂಥದ್ದಲ್ಲ, ಹಾಗಾಗಿ ಬಂದವನನ್ನು ಕಂಪನಿ ಸುಲಭಕ್ಕೆ ಬಿಡಲ್ಲ.

ಇನ್ನು, ಐಟಿಐಗೆ ಹೋದರೆ ಇಂಜಿನಿಯರಿಂಗ್ ಬಾಗಿಲು ಮುಚ್ಚಿತು ಅಂತ ಅಳುವ ತಾಯಂದಿರಿಗೆ ಒಂದು ಮಾತು: ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾದಿಂದ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಸುತ್ತು ದಾರಿ, ನಿಜ. ಆದರೆ ಗಣಿತ ಹಿಡಿಸದ ಹುಡುಗನನ್ನು ವರ್ಷಕ್ಕೆ ಲಕ್ಷದಷ್ಟು ಫೀಸು ಕಟ್ಟಿ ಕಾಲೇಜಿಗೆ ನೂಕುವುದಕ್ಕಿಂತ ವಾಸಿ, ಅಲ್ವಾ?

ಗಂಡು ಹುಡುಕುವವರು ಹೇಗೂ ಸ್ಯಾಲರಿ ಸ್ಲಿಪ್ ಕೇಳ್ತಾರೆ, ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ. ಬ್ಯಾಂಕಿನವರಿಗೆ ಇದೆ. ಸ್ವಂತ ಕೆಲಸ ಶುರು ಮಾಡಿದ ಮೊದಲ ವರ್ಷದಿಂದಲೇ ಆದಾಯ ತೆರಿಗೆ ರಿಟರ್ನ್ ಹಾಕಿ. ಮನೆ ಸಾಲಕ್ಕೆ ಹೋದಾಗ ಮೊದಲು ಕೇಳುವುದೇ ಹಿಂದಿನ ವರ್ಷಗಳ ರಿಟರ್ನ್. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲೂ ಹೆಸರು ಬರೆಸಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ವರ್ಷ 90 ದಿನ ಕಟ್ಟಡ ಕೆಲಸ ಮಾಡಿರಬೇಕು, ಎಲೆಕ್ಟ್ರಿಷಿಯನ್, ಪ್ಲಂಬರ್, ಪೇಂಟರ್ ಎಲ್ಲ ಬರ್ತಾರೆ. ಪಿಎಫ್ ಇಲ್ಲದವನಿಗೆ ಅಲ್ಲಿನ ಪಿಂಚಣಿ ಸಣ್ಣ ಮಾತಲ್ಲ.

ಖಾಸಗಿ ಐಟಿಐಗೆ ದುಡ್ಡು ಕಟ್ಟುವ ಮುಂಚೆ ಒಂದು ಕೇಳಿ: ಈ ಟ್ರೇಡ್‌ಗೆ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ, ಹಿಂದೆ ಎನ್‌ಸಿವಿಟಿ ಮಾನ್ಯತೆ ಅಂತಿದ್ದದ್ದು, ಇದೆಯಾ? ಬೋರ್ಡ್ ಮೇಲೆ ಬರೆದದ್ದನ್ನು ನಂಬಬೇಡಿ, ಹೋದ ವರ್ಷ ಪಾಸಾದ ಹುಡುಗನ ಸರ್ಟಿಫಿಕೇಟ್ ತೋರಿಸಿ ಅನ್ನಿ. ತೋರಿಸೋಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.