ಸಾಲಿನ ನಂಬರ್ ಬೇಡ, ಹಳೇ ಸಾಲನ್ನೇ ಕೇಳಿ

ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಆಫೀಸು ನಮ್ಮದು. ಕೋಡ್ ತಿದ್ದಲು ಎಐ ಮಾಡೆಲ್ ಬಳಸುವ ಟೂಲ್ ಒಂದನ್ನು ನಾವೇ ಬರೆದುಕೊಂಡಿದ್ದೇವೆ. ತಿದ್ದುಪಡಿಯನ್ನು ಮಾಡೆಲ್‌ನಿಂದ ಯಾವ ರೂಪದಲ್ಲಿ ಬರೆಸಿಕೊಳ್ಳಬೇಕು ಅನ್ನುವ ಒಂದೇ ಪ್ರಶ್ನೆಗಾಗಿ ಆ ಟೂಲನ್ನು ಮೂರು ಸಲ ಬದಲಿಸಿದೆವು.

ಮೊದಲು ಡಿಫ್ ಕೇಳಿದೆವು, ಅಂದರೆ ಯಾವ ಸಾಲು ತೆಗೆಯಬೇಕು, ಯಾವ ಸಾಲು ಸೇರಿಸಬೇಕು ಎಂಬ ಪಟ್ಟಿ. ಪ್ರೋಗ್ರಾಮರ್‌ಗಳಿಗೆ ಅದು ಹಳೇ ಪರಿಚಯ; ಡಿಫ್ ಓದಿ ಫೈಲ್ ತಿದ್ದುವ, ಲ್ಯಾರಿ ವಾಲ್ ಬರೆದ ಪ್ಯಾಚ್ ಪ್ರೋಗ್ರಾಂ 1985ರದ್ದು. ಆದರೆ ಈಗಿನ ಡಿಫ್‌ನಲ್ಲಿ ಪ್ರತಿ ತುಂಡಿನ ತಲೆಯಲ್ಲೇ ಎಷ್ಟನೇ ಸಾಲಿನಿಂದ, ಒಟ್ಟು ಎಷ್ಟು ಸಾಲು ಎಂದು ಬರೆಯಬೇಕು. ಮಾಡೆಲ್ ಒಂದೊಂದೇ ಟೋಕನ್ (ಪದ ಅಥವಾ ಪದದ ತುಣುಕು) ಬರೆಯುತ್ತಾ ಮುಂದೆ ಹೋಗುತ್ತದೆ. ಇನ್ನೂ ಬರೆಯದ ಸಾಲುಗಳನ್ನು ಮೊದಲೇ ಎಣಿಸು ಅಂದರೆ ಕಷ್ಟ ಅಲ್ವಾ? ನಂಬರ್ ತಪ್ಪುತ್ತಿತ್ತು, ತಿದ್ದುಪಡಿ ಫೈಲಿನಲ್ಲಿ ಕೂರುತ್ತಿರಲಿಲ್ಲ. ಅದರ ಬದಲು ಇಡೀ ಫೈಲನ್ನೇ ಮತ್ತೆ ಬರೆಸಿದರೆ ಸಮಯವೂ ದುಡ್ಡೂ ಜಾಸ್ತಿ. ಮೇಲಾಗಿ 'ಉಳಿದದ್ದು ಮೊದಲಿನಂತೆ' ಎಂದು ಕಾಮೆಂಟ್ ಹಾಕಿ ಮಾಡೆಲ್ ಅರ್ಧ ಕೋಡ್ ಬಿಟ್ಟುಬಿಡುತ್ತಿತ್ತು.

ಆಮೇಲೆ ಹಳೇ ಸಾಲು, ಹೊಸ ಸಾಲು ಎರಡನ್ನೂ ಬರೆದುಕೊಡು ಎಂದೆವು. ಟೂಲ್ ಹಳೆಯದನ್ನು ಹುಡುಕಿ ಅಲ್ಲಿ ಹೊಸದನ್ನು ಇಡುತ್ತದೆ. ಓದಿದ್ದನ್ನು ಹಾಗೇ ಬರೆಯುವುದು ಮಾಡೆಲ್‌ಗೆ ಸಲೀಸು.

ಪೆಟ್ಟು ತಿಂದದ್ದು ಇಲ್ಲೇ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ ಅಂತ ಕಾಫಿಯ ಒಂದೊಂದು ಬಗೆಗೆ ಒಂದೊಂದರಂತೆ ನಮ್ಮಲ್ಲಿ ನಾಲ್ಕು ಫಂಕ್ಷನ್, ಅಂದರೆ ಹೆಸರಿಟ್ಟ ಕೋಡ್ ತುಂಡುಗಳು. ನಾಲ್ಕರಲ್ಲೂ 50 ಕೆಜಿ ಮೂಟೆಯ ಲೆಕ್ಕದ ಸಾಲು ಒಂದೇ ಥರ. ರೊಬಸ್ಟಾ ಚೆರ್ರಿಗೆಂದು ಮಾಡಿದ ಬದಲಾವಣೆ ಮೊದಲು ಸಿಕ್ಕ ಅರೇಬಿಕಾ ಪಾರ್ಚ್‌ಮೆಂಟ್‌ಗೆ ಹೋಗಿ ಕೂತಿತು. ಎರರ್ ಏನೂ ಬರಲಿಲ್ಲ. ಬೆಳೆಗಾರರೊಬ್ಬರು ಬಿಲ್ ಹಿಡಿದು, "ಏನ್ರೀ ಇದು, ಪಾರ್ಚ್‌ಮೆಂಟ್ ಲೆಕ್ಕ ಹೀಗ್ಯಾಕೆ ಬಂದಿದೆ?" ಎಂದು ಕೇಳಿದಾಗಲೇ ಗೊತ್ತಾಗಿದ್ದು. ಅವರ ವರ್ಷದ ದುಡಿಮೆ ಆ ಒಂದು ಹಾಳೆಯಲ್ಲಿರುತ್ತದೆ. ನನಗೆ ತುಂಬಾ ಬೇಜಾರಾಯಿತು.

ಈಗ ಹಳೇ ಸಾಲು ಒಂದಕ್ಕಿಂತ ಜಾಸ್ತಿ ಕಡೆ ಸಿಕ್ಕರೆ ಟೂಲ್ ಏನನ್ನೂ ಮುಟ್ಟುವುದಿಲ್ಲ. "ನಾಲ್ಕು ಕಡೆ ಸಿಕ್ಕಿತು, ಮೇಲಿನ ಸಾಲುಗಳನ್ನೂ ಸೇರಿಸಿ ಕೊಡು" ಎಂದು ಮಾಡೆಲ್‌ಗೆ ವಾಪಸ್ ಹೇಳುತ್ತದೆ. ಸುಮ್ನೆ 'ತಪ್ಪು' ಅಂದರೆ ಅದನ್ನೇ ಮತ್ತೆ ಕಳಿಸುತ್ತಿತ್ತು. ಕಾರಣ ಹೇಳಿದರೆ ಫಂಕ್ಷನ್ ಹೆಸರಿನ ಸಾಲನ್ನೂ ಸೇರಿಸಿಕೊಂಡು ಬರುತ್ತದೆ.

ಕನ್ನಡದ್ದೇ ಒಂದು ತೊಡಕೂ ಇದೆ. 'ಪಾರ್ಚ್‌ಮೆಂಟ್' ಎಂದು ಬರೆಯುವಾಗ 'ಚ್' ಕೆಳಗೆ 'ಮ' ಒತ್ತಾಗಿ ಕೂರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್. ಮಾಡೆಲ್ ಕೆಲವೊಮ್ಮೆ ಅದನ್ನು ಬಿಟ್ಟು ಬರೆಯುತ್ತದೆ. ಆಗ ಹಳೇ ಸಾಲು ಸಿಗುವುದೇ ಇಲ್ಲ. ಹಾಗಾಗಿ ಹುಡುಕುವಾಗ ಆ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿದ್ದೇವೆ. ಹೊಸ ಸಾಲಿನಲ್ಲೂ ಅದು ಬಿಟ್ಟುಹೋದರೆ ಬಿಲ್ ಮೇಲೆ ಪದವೇ ಬೇರೆ ಥರ ಅಚ್ಚಾಗುತ್ತದೆ. ಕನ್ನಡ ಇರುವ ಸಾಲನ್ನು ಮುಟ್ಟಿದ ಪ್ರತಿ ತಿದ್ದುಪಡಿಯನ್ನೂ ಇವತ್ತಿಗೂ ನಾನೇ ಕೂತು ನೋಡುತ್ತೇನೆ.