ಟಾರ್ನೀಟಿನಲ್ಲಿ ಎದ್ದು ನಿಂತ ಯುಗಾದಿ ಚಂದ್ರ

ಯುಗಾದಿ ಅಂದ್ರೆ ಚಿಗುರು. ಮೆಲ್ಬರ್ನಿನ ನಮ್ಮ ಟಾರ್ನೀಟ್ ಬಡಾವಣೆಯಲ್ಲಿ ಮಾತ್ರ ಅದು ಎಲೆ ಉದುರುವ ಕಾಲಕ್ಕೆ ಬರುತ್ತದೆ. 2025ರ ಮಾರ್ಚ್ 30, ಭಾನುವಾರ. ವಿಶ್ವಾವಸು ಸಂವತ್ಸರ ಶುರುವಾದ ಬೆಳಿಗ್ಗೆ ಹಿತ್ತಲಿನ ಒಣ ಎಲೆ ಗುಡಿಸಿ, ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಕೂತೆ.

ಮಾವಿನ ಸೊಪ್ಪು ಸಿಗಲಿಲ್ಲ. ಪಕ್ಕದ ಮನೆಯವರನ್ನು ಕೇಳಿ, ಬೇಲಿ ದಾಟಿ ಬಂದಿದ್ದ ಅವರ ಪಲಾವ್ ಎಲೆ ಮರದ ಕೊಂಬೆ ಕಡಿದು ತೋರಣ ಕಟ್ಟಿದೆವು. ಊರಿಂದ ಹಸಿ ಬೇವು ತರೋಣ ಅಂದ್ರೆ ಇಲ್ಲಿನ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ. ತಮಿಳರ ಅಂಗಡಿಯ ಒಣ ಬೇವಿನ ಹೂವೇ ಬೆಲ್ಲದ ಜೊತೆ ಸೇರಿತು. "ದೇವ್ರಿಗೆ ಗೊತ್ತಾಗಲ್ವಾ, ಇದು ಪಲಾವ್ ಎಲೆ ಅಂತ?" ಎಂದು ಹೆಂಡತಿ ನಕ್ಕಳು. ನಾನೇನು ದೊಡ್ಡ ಭಕ್ತ ಅಲ್ಲ. ವಾರಗಟ್ಟಲೆ ದೀಪ ಹಚ್ಚದೆ ಇದ್ದದ್ದೂ ಉಂಟು. ಆದರೆ ಹಬ್ಬದ ದಿನ ಬಾಗಿಲು ಬೋಳಾಗಿದ್ದರೆ ಮಾತ್ರ ತಡೆಯೋಕಾಗಲ್ಲ.

ನಮ್ಮದು ಮಂಡ್ಯ ಕಡೆ. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕು. ಬಾಡಿಲ್ಲದ ಹೊಸತೊಡಕು ಹೊಸತೊಡಕೇ ಅಲ್ಲ. ಮಧ್ಯಾಹ್ನ ಹಲಾಲ್ ಅಂಗಡಿಗೆ ಹೋದರೆ ಸಾಲು ರಸ್ತೆವರೆಗೂ ಬಂದಿತ್ತು. ಮರುದಿನ ರಂಜಾನ್ ಹಬ್ಬ. ಅವರೂ ಕಾಯುತ್ತಿದ್ದದ್ದು ಅದೇ ಚಂದ್ರನಿಗೆ. ಮುಂದೆ ನಿಂತಿದ್ದ ಹೈದರಾಬಾದಿನ ಅಜ್ಜ ನನ್ನ ಹಣೆಯ ಕುಂಕುಮ ನೋಡಿ, "ನಿಮಗೂ ನಾಳೆ ಊಟ ಜೋರಾ?" ಅಂತ ಹಿಂದಿಯಲ್ಲಿ ಕೇಳಿದರು. ಜೋರೇ ಅಂದೆ.

ಎರಡು ಕೆಜಿ ತಂದು ಫ್ರಿಜ್‌ನಲ್ಲಿಟ್ಟು ಅವ್ವನಿಗೆ ಫೋನ್ ಮಾಡಿದೆ. "ನಾಳೆ ಸ್ವಾಮಾರ ಕಣಪ್ಪ, ಬಾಡು ಮುಟ್ಬ್ಯಾಡ. ಇಲ್ಲೂ ಎಲ್ಲಾರೂ ಮಂಗಳವಾರಕ್ಕೆ ಮಡೀಕಂಡವ್ರೆ" ಅಂದಳು. ಸೋಮವಾರ ಶಿವನ ವಾರ. ಆಫೀಸಿನ ಊಟದಲ್ಲಿ ನಾನು ಎಷ್ಟೋ ಸೋಮವಾರ ಕೋಳಿ ತಿಂದಿದ್ದೇನೆ, ಅವ್ವನಿಗೆ ಗೊತ್ತಿಲ್ಲ ಅಷ್ಟೇ. ಆದರೂ ಆ ಸೋಮವಾರ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಸೋಮವಾರ ಸಂಜೆ ಏಳೂವರೆಗೆ ಚಂದ್ರ ಕಂಡ. ಊರಲ್ಲಿ ಯುಗಾದಿ ಚಂದ್ರ ದೋಣಿಯ ಹಾಗೆ ಅಂಗಾತ ಮಲಗಿರುತ್ತಾನೆ. ತಾತ ಯಾವ ಕೊಂಬು ಮೇಲಿದೆ ಅಂತ ನೋಡಿ ಆ ವರ್ಷದ ಮಳೆ ಹೇಳುತ್ತಿದ್ದರು. ಇಲ್ಲಿ ಭೂಮಿಯ ದಕ್ಷಿಣಕ್ಕೆ ಬಂದಿದ್ದೇವಲ್ಲ, ಚಂದ್ರನೂ ವಾಲಿಬಿಡುತ್ತಾನೆ. ವಾಯವ್ಯದ ಮನೆಗಳ ಮೇಲೆ, ಎಡಕ್ಕೆ ಬೆನ್ನು ಮಾಡಿ ಕುಡುಗೋಲಿನ ಹಾಗೆ ನಿಂತಿದ್ದ. ತಾತ ಇದ್ದಿದ್ದರೆ ಏನು ಹೇಳುತ್ತಿದ್ದರೋ! ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಅಲ್ಲಿನ್ನೂ ಮಧ್ಯಾಹ್ನ ಎರಡು ಗಂಟೆ.

ತಕ್ಷಣ ಫೋನ್ ಬಂತು.

"ಇದೇನ್ಲಾ, ನಿಮ್ ಚಂದ್ರ ಎದ್ದು ನಿಂತವ್ನೆ?"

"ಇಲ್ಲಿ ಹಂಗೇ ಕಣವ್ವ. ಮಳೆ ಹೆಂಗೆ ಹೇಳು ಮತ್ತೆ?"

"ಅಲ್ಲಿ ಮಳೆ ಕಟ್ಕಂಡು ನಂಗೇನು. ಕೈ ಮುಗುದ್ಯಾ?"

"ಹ್ಞೂಂ, ಮುಗಿದೆ."

ಮುಗಿದಿರಲಿಲ್ಲ. ಕೈಯಲ್ಲಿ ಫೋನ್ ಇತ್ತಲ್ಲ. ಮಾತು ಮುಗಿಸಿ, ಫೋನ್ ಒಳಗಿಟ್ಟು ಮತ್ತೆ ಹಿತ್ತಲಿಗೆ ಬರುವಷ್ಟರಲ್ಲಿ ಚಂದ್ರ ಎದುರು ಮನೆಯ ಹೆಂಚಿನ ಹಿಂದೆ ಇಳಿದಿದ್ದ. ಹೆಂಚಿಗೇ ಕೈ ಮುಗಿದೆ.