ಸುಮ್ನೆ ಬಿಡೋದಕ್ಕೂ ಮುಯ್ಯಾಳು ಬೇಕಾ?

"ಜಮೀನು ಸುಮ್ನೆ ಬಿಟ್ಟರೆ ತಾನಾಗೇ ಕಾಡಾಗುತ್ತೆ ಅಂತೀರಿ. ಮತ್ತೆ ತಿಂಗಳಿಗೊಂದ್ಸಲ ಹತ್ತು ಜನ ಸೇರ್ಕೊಂಡು ಅಲ್ಲೇನ್ ಮಾಡ್ತೀರಿ?"

ಮದುವೆ ಮನೆ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಪಹಣಿ ತೆಗೆಸೋ ಸಾಲಿನಲ್ಲಿ, ಎಲ್ಲ ಕಡೆ ನನಗೆ ಇದೇ ಪ್ರಶ್ನೆ. ಕೇಳುವವರ ಮುಖದಲ್ಲಿ ಸಣ್ಣ ನಗುವೂ ಇರುತ್ತೆ. ಇರಲಿ, ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಕೊರಟಗೆರೆ ತಾಲ್ಲೂಕಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಎಕರೆ ಹತ್ತು ಗುಂಟೆ. ಕೆಂಪು ಮಣ್ಣು, ಅರ್ಧ ಕಲ್ಲು. ಅಪ್ಪ ಅದಕ್ಕೆ ನೀಲಗಿರಿ ಹಾಕಿದ್ದರು. ಇದೇ ತುಮಕೂರು ಜಿಲ್ಲೆಯಲ್ಲಿ 1983ರಲ್ಲಿ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತು, ಆ ಜಾಗಕ್ಕೆ ಹುಣಸೆ, ಮಾವಿನ ಬೀಜ ಹಾಕಿ ಬಂದಿದ್ದರು. ನಮ್ಮಪ್ಪ ಆ ಪೈಕಿ ಅಲ್ಲ. ನೀರು ಕಟ್ಟೋ ಹಾಗಿಲ್ಲ, ಕಾಯೋ ಹಾಗಿಲ್ಲ, ದನ ಬಾಯಿ ಹಾಕಲ್ಲ, ಅದು ಅವರ ಲೆಕ್ಕ. 2017ರಲ್ಲಿ ಸರ್ಕಾರವೇ ಇನ್ನು ಹೊಸದಾಗಿ ನೀಲಗಿರಿ ಹಾಕಬೇಡಿ ಅಂದಿತು. ಅಷ್ಟರಲ್ಲಿ ನಾನು ಕಡಿಸಿ ಮಾರಿಯಾಗಿತ್ತು. ಆದರೆ ನೀಲಗಿರಿ ಕಡಿದರೆ ಮುಗಿಯೋದಿಲ್ಲ. ಬೊಡ್ಡೆಯಿಂದ ಮತ್ತೆ ನಾಲ್ಕು ಕವಲು ಹೊಡೆಯುತ್ತೆ. ಚಿಗುರು ಮುರಿಯುತ್ತಲೇ ಇರಬೇಕು, ಇಲ್ಲ ಬೊಡ್ಡೆ ಕೀಳಿಸಬೇಕು. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ. ಒಬ್ಬರಿಗೊಬ್ಬರು ಕೈಜೋಡಿಸೋ ನಮ್ಮ ಬಳಗ ಶುರುವಾಗಿದ್ದೇ ಅಲ್ಲಿಂದ.

ಕೊರಟಗೆರೆ, ಮಧುಗಿರಿ, ಶಿರಾ ಕಡೆ ಹೀಗೆ ಜಮೀನು ಬಿಟ್ಟಿರುವ ಆರು ಮನೆಯವರು ಇದ್ದೇವೆ. ದೊಡ್ಡದು ಮೂರು ಎಕರೆ, ಚಿಕ್ಕದು ಇಪ್ಪತ್ತೆರಡು ಗುಂಟೆ. ನಾವೇನೂ ಹೊಸದು ಕಂಡುಹಿಡಿದಿಲ್ಲ. ರಾಗಿ ಕೊಯ್ಲಿಗೆ ಮುಯ್ಯಾಳು ಹೋಗ್ತಿರಲಿಲ್ವಾ? ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕೂಲಿ ಇಲ್ಲ, ಊಟ ಇದೆ. ಅದನ್ನೇ ಬೀಳು ಜಮೀನಿಗೆ ತಂದಿದ್ದೇವೆ. ಮುಯ್ಯಿ ಬಾಕಿ ಇಟ್ಟುಕೊಂಡು ಬರೀ ಫೋಟೋಗೆ ಬರುವವರೂ ಒಬ್ಬರಿದ್ದಾರೆ. ಈ ಸಲದ ಬೊಡ್ಡೆ ಕೆಲಸ ಅವರಿಗೇ.

ಬಳಗದಿಂದ ನನಗಾದ ಮೊದಲ ಉಪಕಾರ ಅಂದರೆ ನನ್ನ ಕೈ ಹಿಡಿದು ನಿಲ್ಲಿಸಿದ್ದು. ಮೊದಲ ವರ್ಷ ಇನ್ನೂರು ಸಸಿ ತಂದು ನೆಟ್ಟಿದ್ದೆ. ಟ್ಯಾಂಕರ್ ನೀರು ಬೇರೆ. ಯುಗಾದಿ ಹೊತ್ತಿಗೆ ಉಳಿದದ್ದು ಹದಿನೇಳು. ಶಿರಾ ಕಡೆಯ ಅಕ್ಕ ಒಬ್ಬರು ಬಂದವರು ಆ ಹದಿನೇಳನ್ನ ತಿರುಗಿಯೂ ನೋಡಲಿಲ್ಲ. ಬದುವಿನ ಪಕ್ಕ ಮೇಕೆ ಕಚ್ಚಿ ಕಚ್ಚಿ ಗೇಣುದ್ದಕ್ಕೇ ನಿಂತಿದ್ದ ಒಂದು ಮುತ್ತುಗದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕುಡುಗೋಲಿನ ತುದಿಯಲ್ಲಿ ಮಣ್ಣು ಕೆದಕಿದರು. ಮೇಲೆ ಬೆರಳು ಗಾತ್ರದ ಚಿಗುರು, ಕೆಳಗೆ ನನ್ನ ಮುಂಗೈ ದಪ್ಪದ ಬೇರು!

"ಇದು ನಿಮಗಿಂತ ಹಿರೀದು ಇದ್ರೂ ಇರಬಹುದು ಸಾರ್. ಇದನ್ನ ಮೇಕೆ ಬಾಯಿಂದ ತಪ್ಪಿಸಿ, ಸಾಕು."

ಮಣ್ಣು ಮುಚ್ಚಿ, ಕೈ ಒದರಿಕೊಂಡು ಎದ್ದರು. ಆಮೇಲೆ ನಾನು ಸಸಿ ಕೊಂಡಿಲ್ಲ. ಅಲ್ಲಲ್ಲಿ ಒಣ ಕೊಂಬೆ ನೆಟ್ಟಿದ್ದೇನೆ ಅಷ್ಟೆ. ಪಿಕಳಾರ ಹಕ್ಕಿ ಬಂದು ಕೂತು ಹಿಕ್ಕೆ ಹಾಕಿದ ಕಡೆಯೆಲ್ಲ ಏನಾದರೂ ಮೊಳೆಯುತ್ತೆ. ಹಾಗೆ ಎರಡು ಶ್ರೀಗಂಧವೂ ಬಂದಿವೆ. 2001ರ ಅರಣ್ಯ ಕಾಯ್ದೆ ತಿದ್ದುಪಡಿಯಿಂದ ನಮ್ಮ ಜಮೀನಿನ ಗಂಧ ನಮ್ಮದೇ. ಆದರೆ ಕಳ್ಳರು ಕಾನೂನು ಓದಿರಲ್ಲ ನೋಡಿ. ಅವು ಎಲ್ಲಿವೆ ಅಂತ ಬಳಗದವರಿಗೂ ತೋರಿಸಿಲ್ಲ.

ಮೇಕೆ ಬಾಯಿಂದ ತಪ್ಪಿಸೋದು ಅಂದೆನಲ್ಲ, ಅದರಲ್ಲಿ ಬಳಗ ಉಪಯೋಗಕ್ಕೆ ಬರಲಿಲ್ಲ. ನಿಜ ಹೇಳಬೇಕಂದ್ರೆ ಬಳಗ ಬರೋದು ತಿಂಗಳಿಗೊಂದು ದಿನ. ಮಿಕ್ಕ ದಿನವೆಲ್ಲ ಆ ಜಮೀನಿನ ಪಕ್ಕ ಇರುವವರು ಬೇರೆ: ಮೇಕೆ ತಾತ, ರಾಗಿ ಹೊಲದ ಅಣ್ಣ, ಪೊರಕೆ ಕಡ್ಡಿಗೆ ಬರುವ ಹೆಂಗಸರು. ಕಲ್ಲುಕಂಬ, ತಂತಿ ಹಾಕಿಸೋ ಯೋಚನೆ ಇತ್ತು. ಖರ್ಚು ಕೇಳಿ ಕೈಬಿಟ್ಟೆ. ಒಳ್ಳೆಯದೇ ಆಯ್ತು. ತಾತನ ಹತ್ತಿರ ಮೂರು ಸಲ ಹೋಗಿ ಕೂತೆ. ಎರಡು ಸಲ ಬರೀ ಎಲೆ ಅಡಿಕೆ. ಮೂರನೇ ಸಲ ಮಾತಾಯ್ತು. ಮುಂಗಾರಿಂದ ದೀಪಾವಳಿ ತನಕ ಮೇಕೆ ಒಳಗೆ ಬರಲ್ಲ. ಆಮೇಲೆ ಹುಲ್ಲು ಕೊಯ್ದುಕೊಂಡು ಹೋಗಬಹುದು, ಬೇಲಿ ಸಾಲಿನ ಜಾಲಿಕಾಯಿ ಪೂರ್ತಿ ಅವರದು. ಈಗ ಬೇರೆಯವರ ಮೇಕೆ ಬಂದರೂ ತಾತನೇ ಬೈದು ಓಡಿಸ್ತಾರೆ. ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ರಾಗಿ ಹೊಲದ ಅಣ್ಣನ ತಕರಾರು ಬೇರೆ. "ಪೊದೆ ಬೆಳೆಸ್ತೀರಿ, ಚಿರತೆ ಬಂದ್ರೆ ಯಾರು ಹೊಣೆ?" ಪಟ್ಟಣದಿಂದ ಬರುವ ಗೆಳೆಯರು ಇದಕ್ಕೆ ನಗುತ್ತಾರೆ. ನನಗೆ ನಗು ಬರಲ್ಲ. 2019ರ ಕೊನೆ, 2020ರ ಶುರುವಿನಲ್ಲಿ ನಮ್ಮ ಜಿಲ್ಲೆಯಲ್ಲೇ ಚಿರತೆ ದಾಳಿಗೆ ಜನ ಸತ್ತಿದ್ದಾರೆ, ಮಕ್ಕಳು ಸಹ. ಅಣ್ಣನ ಮಗಳು ಶಾಲೆಗೆ ಹೋಗೋ ಕಾಲುದಾರಿ ನನ್ನ ಬದು ಪಕ್ಕದಲ್ಲೇ ಇದೆ. ಹಾಗಾಗಿ ದಾರಿಯುದ್ದಕ್ಕೂ ಹದಿನೈದು ಅಡಿ ಪೊದೆ ಬೆಳೆಯೋಕೆ ಬಿಟ್ಟಿಲ್ಲ. ಅಲ್ಲಿ ಹುಲ್ಲು ಮಾತ್ರ. ಕಾಡು ಹದಿನೈದು ಅಡಿ ಕಮ್ಮಿ ಆಯ್ತು, ಅದಕ್ಕೇನೀಗ?

ಆ ಹದಿನೈದು ಅಡಿಯೇ ಹೋದ ಮಾರ್ಚ್‌ನಲ್ಲಿ ಕೆಲಸಕ್ಕೆ ಬಂತು. ಹೊಸ ಹುಲ್ಲು ಬರಲಿ ಅಂತ ಗುಡ್ಡಕ್ಕೆ ಬೆಂಕಿ ಕೊಡೋದು ನಮ್ಮ ಕಡೆ ಹಳೇ ಚಾಳಿ. ಮಧ್ಯಾಹ್ನ ಎರಡು ಗಂಟೆಗೆ ಅಣ್ಣನ ಫೋನು. "ಸಾರ್, ನಿಮ್ಮ ಮೂಡಲ ಬದು ಹತ್ಕೊಂಡೈತೆ." ನಾನು ತುಮಕೂರಲ್ಲಿದ್ದೆ. ನಾನು ಹೋಗಿ ಮುಟ್ಟೋದರಲ್ಲಿ ಬೆಂಕಿ ಆರಿತ್ತು. ಅಣ್ಣ, ತಾತ, ಇನ್ನಿಬ್ಬರು ಹುಡುಗರು ಹೊಂಗೆ ಕೊಂಬೆ ಮುರಿದು, ಬಡಿದು ಬಡಿದು ಆರಿಸಿದ್ದರು. ಹನ್ನೆರಡು ಗುಂಟೆ ಕಪ್ಪಾಗಿತ್ತು. ದಾರಿ ಪಕ್ಕದ ಹುಲ್ಲನ್ನ ಹೆಂಗಸರು ಆಗಲೇ ಪೊರಕೆಗೆ ಅಂತ ಕೊಯ್ದಿದ್ದರಿಂದ ಬೆಂಕಿ ಆ ಕಡೆ ಹಾಯಲಿಲ್ಲ. ತಾತನ ಎಡ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆಸ್ಪತ್ರೆಗೆ ಬನ್ನಿ ಅಂದರೆ, "ನಿಮ್ ಮುತ್ತುಗ ನೋಡ್ಕಳಿ ಹೋಗಿ" ಅಂದರು.

ಮುತ್ತುಗದ ಮೇಲ್ಭಾಗ ಸುಟ್ಟಿತ್ತು. ಮೊದಲ ಮಳೆ ಬಿದ್ದ ಮೇಲೆ ಮೂರು ಚಿಗುರು ಬಂದವು. ಈಗ ನನ್ನ ಸೊಂಟದವರೆಗಿದೆ.

ಈ ಭಾನುವಾರ ಮಧುಗಿರಿ ಕಡೆಯವರ ಜಮೀನಲ್ಲಿ ಲಂಟಾನ ಕಳೆ ತೆಗೆಯೋದಿದೆ. ಮೇಲಿಂದ ಕತ್ತರಿಸಿದರೆ ಮತ್ತೆ ಬರುತ್ತೆ. ಮಣ್ಣಿನೊಳಗೆ ಬೇರು ಶುರುವಾಗೋ ಜಾಗದ ಕೆಳಗೆ ಕಡಿದು, ಬುಡ ಮೇಲಾಗಿ ಒಣಗಲು ಬಿಡಬೇಕು. ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ನೋಡೋ ಆಸೆ ಇದ್ದವರು ಬನ್ನಿ. ಪಿಕಾಸಿ ಇದ್ದರೆ ತನ್ನಿ, ನಮ್ಮ ಹತ್ತಿರ ಎರಡೇ ಇರೋದು, ಒಂದರ ಕಾವು ಮುರಿದಿದೆ.